ಮಗ್ಗಿಯನ್ನು ಹಿಂದಕ್ಕೆ ಓದುವುದು

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆಲ್ಲ ಗೊತ್ತಿರುವ ಒಂದು ಸಣ್ಣ ಹಿಂಸೆ ಇದೆ: ಅಪವರ್ತನ, ಅಪವರ್ತ್ಯ. ನೋಡೋಕೆ ಅವಳಿ ಮಕ್ಕಳ ಥರ ಇರುವ ಈ ಎರಡು ಪದಗಳು ಮಾಡುವ ಕೆಲಸ ಮಾತ್ರ ತದ್ವಿರುದ್ಧ. 12ರ ಅಪವರ್ತನ ಬರೆಯಿರಿ ಅಂದರೆ 1, 2, 3, 4, 6, 12. ಅಲ್ಲಿಗೆ ಮುಗೀತು. 12ರ ಅಪವರ್ತ್ಯ ಬರೆಯಿರಿ ಅಂದರೆ 12, 24, 36, 48... ಹಾಳೆ ಮುಗಿಯುತ್ತೆ, ಪೆನ್ನಿನ ಇಂಕು ಮುಗಿಯುತ್ತೆ, ಅವು ಮುಗಿಯಲ್ಲ. ಪರೀಕ್ಷೆಯಲ್ಲಿ ಒಂದು ಕೇಳಿದರೆ ಇನ್ನೊಂದು ಬರೆದು ಎರಡು ಅಂಕ ಕಳಕೊಂಡವರೆಲ್ಲ ಸೇರಿ ಸಂಘ ಕಟ್ಟಿದರೆ ಕರ್ನಾಟಕದಲ್ಲಿ ಅದಕ್ಕಿಂತ ದೊಡ್ಡ ಸಂಘ ಇರಲಿಕ್ಕಿಲ್ಲ.

ಇದನ್ನ ನೆನಪಿಟ್ಟುಕೊಳ್ಳೋಕೆ ನಾನು ಕಂಡುಕೊಂಡ ದಾರಿ ಮಗ್ಗಿ ಪುಸ್ತಕದ್ದು. ಸಂಜೆ ಕೈಕಾಲು ತೊಳೆದು ದೀಪದ ಮುಂದೆ ಕೂತು "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಅಂತ ರಾಗ ಎಳೀತಿದ್ವಲ್ಲ, ಆ ರಾಗದಲ್ಲಿ ಬರೋದೆಲ್ಲ ಏಳರ ಅಪವರ್ತ್ಯಗಳು. ಮಗ್ಗಿಯನ್ನ ಮುಂದಕ್ಕೆ ಓದಿದರೆ ಅಪವರ್ತ್ಯ. ಈಗ ಯಾರಾದರೂ "ಐವತ್ತಾರು ಯಾವ್ಯಾವ ಮಗ್ಗಿಯಲ್ಲಿ ಬರುತ್ತೆ?" ಅಂತ ಕೇಳಿದರು ಅಂತಿಟ್ಟುಕೊಳ್ಳಿ. ಏಳರಲ್ಲಿ ಬಂತು, ಎಂಟರಲ್ಲಿ ಬಂತು, ನಾಲ್ಕರಲ್ಲೂ ಬಂತು. ಹೀಗೆ ಉತ್ತರ ಇಟ್ಟುಕೊಂಡು ಮಗ್ಗಿಯನ್ನ ಹಿಂದಕ್ಕೆ ಹುಡುಕಿದರೆ ಸಿಗೋದು ಅಪವರ್ತನ.

ಮುಂದಕ್ಕೆ ಓದೋದು ಸುಲಭ, ಹಿಂದಕ್ಕೆ ಹುಡುಕೋದು ಕಷ್ಟ. 13ರ ಮಗ್ಗಿ ಬಾಯಿಪಾಠ ಇರೋ ಹುಡುಗ ಹದಿಮೂರೇಳ್ಲ ತೊಂಬತ್ತೊಂದು ಅಂತ ಥಟ್ಟನೆ ಹೇಳ್ತಾನೆ. ಅದೇ ಹುಡುಗನಿಗೆ "91 ಯಾವುದರಿಂದ ಭಾಗ ಹೋಗುತ್ತೆ?" ಅಂತ ಕೇಳಿ ನೋಡಿ, ಒಂದು ನಿಮಿಷ ಮೇಲೆ ನೋಡ್ತಾನೆ. ಇದು ಹುಡುಗನ ತಪ್ಪಲ್ಲ, ಗುಣಾಕಾರದ ಸ್ವಭಾವವೇ ಹಾಗೆ. ಈ ಪ್ರಪಂಚದ ಎಷ್ಟೋ ಬೀಗಗಳು ಇದೇ ಸ್ವಭಾವದ ಮೇಲೆ ನಿಂತಿವೆ, ಅದಕ್ಕೆ ಆಮೇಲೆ ಬರ್ತೀನಿ.

ಅಪವರ್ತನ ಹುಡುಕೋಕೆ ಎಲ್ಲಾ ಸಂಖ್ಯೆಗಳಿಂದಲೂ ಭಾಗಿಸಿ ನೋಡಬೇಕಾಗಿಲ್ಲ. ಅಪವರ್ತನಗಳು ಯಾವಾಗಲೂ ಜೋಡಿ ಜೋಡಿಯಾಗಿ ಬರ್ತವೆ. 72 ತಗೊಳ್ಳಿ. 1 ಮತ್ತು 72, 2 ಮತ್ತು 36, 3 ಮತ್ತು 24, 4 ಮತ್ತು 18, 6 ಮತ್ತು 12, 8 ಮತ್ತು 9. ಎಡಗಡೆಯದು ದೊಡ್ಡದಾಗ್ತಾ ಹೋದಂಗೆ ಬಲಗಡೆಯದು ಚಿಕ್ಕದಾಗ್ತಾ ಬರುತ್ತೆ, 8 ಮತ್ತು 9ರ ಹತ್ತಿರ ಇಬ್ಬರೂ ಮುಖಾಮುಖಿ ಆಗ್ತಾರೆ. ಅಲ್ಲಿಂದಾಚೆ ಹುಡುಕೋದು ದಂಡ, ಬರೋವೆಲ್ಲ ಆಗಲೇ ಬಂದಿರೋ ಜೋಡಿಗಳೇ. ಈ ಮುಖಾಮುಖಿಯ ಜಾಗವೇ ವರ್ಗಮೂಲ. 72 ಸಸಿ ಇದ್ದರೆ ಆರು ಥರ ಸಾಲು ಮಾಡಿ ನೆಡಬಹುದು. 73 ಸಸಿ ಇದ್ದರೆ? ಒಂದೇ ಸಾಲು, ಬೇರೆ ದಾರಿ ಇಲ್ಲ. ಹೀಗೆ ತಾನು ಮತ್ತು ಒಂದು ಬಿಟ್ಟರೆ ಯಾರಿಂದಲೂ ಭಾಗವಾಗದೆ ನೆಟ್ಟಗೆ ಒಂದೇ ಸಾಲಿನಲ್ಲಿ ನಿಲ್ಲೋದು ಅವಿಭಾಜ್ಯ ಸಂಖ್ಯೆ.

ಈ ವರ್ಗಮೂಲದ ಉಪಾಯ ಗೊತ್ತಾದರೆ ಅವಿಭಾಜ್ಯ ಹೌದೋ ಅಲ್ಲವೋ ಅಂತ ನೋಡೋದು ಎಷ್ಟೋ ಹಗುರ. 97ರ ವರ್ಗಮೂಲ 10ಕ್ಕಿಂತ ಕಡಿಮೆ. ಹಾಗಾಗಿ 2, 3, 5, 7 ಈ ನಾಲ್ಕರಿಂದ ಭಾಗಿಸಿ ನೋಡಿದರೆ ಸಾಕು. ಹೋಗಲ್ಲ, ಆದ್ದರಿಂದ ಅವಿಭಾಜ್ಯ. 4, 6, 8ರಿಂದ ಯಾಕೆ ನೋಡಬೇಕಾಗಿಲ್ಲ? 2ರಿಂದಲೇ ಹೋಗದ್ದು 4ರಿಂದ ಹೋಗೋದೆಲ್ಲಿಂದ ಬಂತು. ಎರಟೋಸ್ತನೀಸ್ ಅನ್ನೋ ಗ್ರೀಕ್ ಪಂಡಿತ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಇದನ್ನೇ ಜರಡಿ ಮಾಡಿದ. 1ರಿಂದ 100ರವರೆಗೆ ಬರೆದು, 1 ಹೊಡೆದು ಹಾಕಿ, 2ರ ಅಪವರ್ತ್ಯಗಳನ್ನ (2 ಬಿಟ್ಟು), 3ರವನ್ನ, 5ರವನ್ನ, 7ರವನ್ನ ಹೀಗೇ ಹೊಡೆದು ಹಾಕಿದರೆ ಜರಡಿಯಲ್ಲಿ ಉಳಿಯೋದು 25 ಸಂಖ್ಯೆ. ಅವೇ ನೂರರೊಳಗಿನ ಅವಿಭಾಜ್ಯಗಳು. ನಾಲ್ಕೇ ಸಲ ಜರಡಿ ಆಡಿಸಿದರೆ ಸಾಕು.

ಇನ್ನು ಭಾಗಿಸದೆಯೇ ಗುರುತು ಹಿಡಿಯುವ ಉಪಾಯಗಳು. ಅಂಕಿಗಳನ್ನ ಕೂಡಿಸಿ ಬಂದದ್ದು ಮೂರರಿಂದ ಹೋದರೆ ಸಂಖ್ಯೆಯೂ ಮೂರರಿಂದ ಹೋಗುತ್ತೆ ಅಂತ ಮೇಷ್ಟ್ರು ಹೇಳಿಕೊಡ್ತಾರೆ, ಯಾಕೆ ಅಂತ ಬಹಳ ಜನ ಹೇಳಲ್ಲ. ಹತ್ತು ಅಂದರೆ ಒಂಬತ್ತು ಮತ್ತೊಂದು, ನೂರು ಅಂದರೆ ತೊಂಬತ್ತೊಂಬತ್ತು ಮತ್ತೊಂದು. ಆ ಒಂಬತ್ತು, ತೊಂಬತ್ತೊಂಬತ್ತುಗಳೆಲ್ಲ ಮೂರರಿಂದ ಹೇಗೂ ಹೋಗ್ತವೆ, ಉಳಿಯೋದು ಪ್ರತಿ ಅಂಕಿಗೊಂದರಂತೆ ಆ "ಮತ್ತೊಂದು"ಗಳು ಮಾತ್ರ. ಅವನ್ನ ಕೂಡಿಸಿದರೆ ಅಂಕಿಗಳ ಮೊತ್ತ. ಏಳಕ್ಕೂ ಒಂದು ಉಪಾಯ ಇದೆ. ಕೊನೆಯ ಅಂಕಿಯನ್ನ ಎರಡರಷ್ಟು ಮಾಡಿ ಉಳಿದ ಸಂಖ್ಯೆಯಿಂದ ಕಳೀರಿ. 91ಕ್ಕೆ 9ರಲ್ಲಿ 2 ಕಳೆದರೆ 7. ಸಿಕ್ಕಿಬಿತ್ತು. ನೋಡೋಕೆ ಒಳ್ಳೇ ಅವಿಭಾಜ್ಯದಂತೆ ಸಭ್ಯವಾಗಿ ಕೂತಿರುವ 91, 119, 133 ಈ ಮೂವರೂ ಏಳರ ಮನೆಯವರೇ.

ಈ ಅಪವರ್ತನ, ಅಪವರ್ತ್ಯಗಳು ಪುಸ್ತಕ ಬಿಟ್ಟು ಹೊರಗೆ ಬಂದು ನಮ್ಮ ಮನೆಯ ಅಂಗಳದಲ್ಲೇ ಜಗಳಕ್ಕೆ ನಿಂತಿದ್ದೂ ಉಂಟು.

ನಮ್ಮ ತೆಂಗಿನ ತೋಟಗಳ ನಡುವೆ ಒಂದು ಹಳೇ ಬಾವಿ ಇದೆ. ಮುತ್ತಾತನ ಕಾಲದಲ್ಲಿ ಏಳು ಮನೆಯವರು ಸೇರಿ ತೋಡಿಸಿದ್ದು. ಏಳು ಮನೆ, ಏಳು ದಿನ. ಸೋಮವಾರ ಒಬ್ಬರದು, ಮಂಗಳವಾರ ಇನ್ನೊಬ್ಬರದು, ಗುರುವಾರ ನಮ್ಮ ತಾತಂದು. ಯಾರೂ ಬರೆದಿಟ್ಟಿದ್ದಿಲ್ಲ, ಬರೆದಿಡೋ ಅಗತ್ಯಾನೂ ಇರಲಿಲ್ಲ. ಮೋಟರು ಬಂದ ಮೇಲೂ ಅದೇ ಸರದಿ ನಡೀತು. ನಾನು ಪಿಯುಸಿ ಓದೋ ಹೊತ್ತಿಗೆ ನಮ್ಮ ಕಡೆ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಮುಂದಿನ ವಾರ ರಾತ್ರಿ. ಏಳು ಮನೆಯವರಿಗೂ ಒಂದು ಸರದಿ ಹಗಲು ಬಂದರೆ ಮುಂದಿನದು ರಾತ್ರಿ. ಎಲ್ಲರೂ ಸಮಾನವಾಗಿ ನಿದ್ದೆಗೆಡ್ತಿದ್ದರು, ಹಾಗಾಗಿ ತಕರಾರಿರಲಿಲ್ಲ.

ತಾತ ತೀರಿಕೊಂಡ ಮೇಲೆ ಅಪ್ಪ, ಚಿಕ್ಕಪ್ಪ ತೋಟವನ್ನ ಎರಡು ಪಾಲು ಮಾಡಿಕೊಂಡರು. ಗುರುವಾರವೂ ಎರಡು ಪಾಲಾಗಬೇಕಲ್ಲ. ಈ ಗುರುವಾರ ಅಪ್ಪಂದು, ಮುಂದಿನ ಗುರುವಾರ ಚಿಕ್ಕಪ್ಪಂದು ಅಂತ ಮಾತಾಯ್ತು. ಇದಕ್ಕಿಂತ ನ್ಯಾಯದ ಪಾಲು ಇನ್ನೊಂದಿದೆಯಾ ಅಂತ ಕೂತಿದ್ದ ಹಿರೀಕರೂ ತಲೆ ಆಡಿಸಿದರು.

ಆ ಬೇಸಿಗೆಯಲ್ಲಿ ಚಿಕ್ಕಪ್ಪ ಒಂದೇ ಒಂದು ದಿನ ಹಗಲು ನೀರು ಕಟ್ಟಲಿಲ್ಲ. ಅಪ್ಪ ಒಂದೇ ಒಂದು ರಾತ್ರಿ ತೋಟಕ್ಕೆ ಹೋಗಲಿಲ್ಲ.

ಲೆಕ್ಕ ನೋಡಿ. ಕರೆಂಟಿನ ಚಕ್ರ 14 ದಿನಕ್ಕೊಂದು ಸುತ್ತು. ಚಿಕ್ಕಪ್ಪನ ಸರದಿಯೂ 14 ದಿನಕ್ಕೊಂದು ಸುತ್ತು. ಎರಡೂ ಒಂದೇ ವೇಗದಲ್ಲಿ ತಿರುಗ್ತಿದ್ದರೆ ಮೊದಲ ದಿನ ಯಾವುದರ ಎದುರು ಯಾವುದು ನಿಂತಿತ್ತೋ ಜನ್ಮಪೂರ್ತಿ ಅದೇ ನಿಲ್ಲುತ್ತೆ. ಚಿಕ್ಕಪ್ಪನ ಸರದಿಯ ದಿನಗಳೆಲ್ಲ 14ರ ಅಪವರ್ತ್ಯಗಳ ಅಂತರದಲ್ಲೇ ಇದ್ದವು, ರಾತ್ರಿಯ ಗುರುವಾರಗಳೂ ಅಷ್ಟೇ. ಯಾರೂ ಸಂಚು ಮಾಡಿರಲಿಲ್ಲ. ಆದರೆ ಹತ್ತು ಗಂಟೆ ರಾತ್ರಿಗೆ ಬ್ಯಾಟರಿ ಹಿಡಕೊಂಡು ಹೋಗಿ, ಬೆಳಗಿನ ಜಾವದವರೆಗೆ ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಮಡೆ ತಿರುಗಿಸ್ತಾ ನಿಲ್ಲೋ ಮನುಷ್ಯನಿಗೆ ಸಂಚು ಕಾಣದೇ ಇರುತ್ತಾ?

"ಲೈನ್‌ಮ್ಯಾನ್ ಹತ್ರ ಕೇಳ್ಕಂಡೇ ಮೊದಲನೇ ವಾರ ಹಿಡ್ದಿದ್ದಾನೆ ನಮ್ಮಣ್ಣ" ಅಂತ ಚಿಕ್ಕಪ್ಪ ಹೋಟೆಲಿನಲ್ಲಿ ಕೂತು ಹೇಳಿದರು. ಆ ಮಾತು ಟೀ ಆರೋದರೊಳಗೆ ಮನೆ ಮುಟ್ಟಿತು. "ಹಂಗಾರೆ ವಾರ ಅದಲು ಬದಲು ಮಾಡ್ಕಳನ ಬಾ" ಅಂದರು ಅಪ್ಪ. ಅದಲು ಬದಲು ಮಾಡಿದರೆ ಅಪ್ಪನ ಪಾಲಿಗೆ ಬರೀ ರಾತ್ರಿ. ಕಷ್ಟ ಮನೆ ಬದಲಾಯಿಸುತ್ತೆ ಅಷ್ಟೇ. ಒಂದು ರಾತ್ರಿ ಚಿಕ್ಕಪ್ಪನ ಕಾಲ ಹತ್ತಿರವೇ ಕೊಳಕುಮಂಡಲ ಹರಿದು ಹೋಯಿತು, ಕಚ್ಚಲಿಲ್ಲ. ಮಾರನೇ ದಿನದಿಂದ ಇಬ್ಬರಿಗೂ ಮಾತು ನಿಂತುಹೋಯಿತು.

ನಾನು ಗೋಡೆ ಕ್ಯಾಲೆಂಡರು ಇಳಿಸಿಕೊಂಡು ಚಿಕ್ಕಪ್ಪನ ಜಗುಲಿ ಮೇಲೆ ಕೂತು ಎಲ್ಲಾ ಗುರುವಾರಗಳಿಗೂ ಗುರುತು ಹಾಕಿ ತೋರಿಸಿದೆ. ಎರಡೂ ಹದಿನಾಲ್ಕೇ ಆಗಿರೋದರಿಂದ ಹೀಗೆ, ಅಪ್ಪ ಬೇಕಂತ ಮಾಡಿದ್ದಲ್ಲ ಅಂತ. ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಲೆಕ್ಕ ಸರಿಯಾಗೈತೆ ಕಣೋ. ನಿದ್ದೆ ಯಾರು ಕೊಡ್ತಾರೆ?" ಅಂದರು. ಲೆಕ್ಕ ಯಾರದೂ ತಪ್ಪಿಲ್ಲ ಅಂತ ಹೇಳಬಲ್ಲದು, ಅಷ್ಟರಿಂದ ಕಣ್ಣುರಿ ಹೋಗಲ್ಲ.

ಆಗ ಊರಲ್ಲಿ ಬಂದ ಸಲಹೆಗಳಿಗೇನೂ ಕಡಿಮೆ ಇರಲಿಲ್ಲ. ಒಂದೇ ಗುರುವಾರವನ್ನ ಅರ್ಧರ್ಧ ಮಾಡಿಕೊಳ್ಳಿ ಅಂದರು. ಸಿಗ್ತಿದ್ದ ಆರೇಳು ಗಂಟೆ ಕರೆಂಟಿನಲ್ಲಿ ಕಾಲುವೆ ನೆನೆಯೋಕೇ ಒಂದು ಗಂಟೆ ಬೇಕು, ಎರಡು ಸಲ ನೆನೆಸಿದರೆ ಉಳಿಯೋದೇನು? ಎರಡು ಗುರುವಾರ ಒಬ್ಬರು, ಆಮೇಲೆ ಎರಡು ಗುರುವಾರ ಇನ್ನೊಬ್ಬರು ಅಂತ ಮಾಡಿದ್ದರೆ ಇಬ್ಬರಿಗೂ ಒಂದು ಹಗಲು, ಒಂದು ರಾತ್ರಿ ಬರ್ತಿತ್ತು. ಲೆಕ್ಕಕ್ಕೆ ಅದು ಒಪ್ಪುತ್ತೆ. ಆದರೆ ಮಾತು ಬಿಟ್ಟ ಅಣ್ಣ ತಮ್ಮಂದಿರು ಹೊಸ ಒಪ್ಪಂದಕ್ಕೆ ಕೂರೋದು ಹೇಗೆ? ಮೊದಲ ಎರಡು ಗುರುವಾರ ಯಾರದು ಅನ್ನೋದರಲ್ಲೇ ಇನ್ನೊಂದು ಜಗಳ ಕಾದಿತ್ತು.

ಬಿಡಿಸಿದ್ದು ಅತ್ತೆ, ಅದೂ ಬೇರೆ ಕಾರಣಕ್ಕೆ. ಅಪ್ಪನಿಗೂ ಚಿಕ್ಕಪ್ಪನಿಗೂ ನಡುವಿನವರು ಅವರು. ಮಾವ ಹೋದ ಮೇಲೆ ಇಬ್ಬರು ಮಕ್ಕಳನ್ನ ಕರಕೊಂಡು ತವರಿಗೆ ಬಂದು ಅಜ್ಜಿ ಜೊತೆ ಇದ್ದರು. 2005ರ ಸೆಪ್ಟೆಂಬರಿನಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಜಾರಿಗೆ ಬಂದು, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ಆಯ್ತಲ್ಲ, ಆ ಸುದ್ದಿ ಪೇಪರಿನಿಂದ ಅತ್ತೆ ಕಿವಿಗೂ ಬಿದ್ದಿತ್ತು. ಮುಂದಿನ ವರ್ಷ ಒಂದು ದಿನ ಊಟಕ್ಕೆ ಬಡಿಸ್ತಾ "ನಂಗೂ ಒಂದು ಪಾಲು ಬೇಕು" ಅಂದರು. ಅಷ್ಟೇ ಮಾತು, ಅದೂ ಜೋರಾಗೇನಲ್ಲ.

ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರು ಇದೊಂದು ವಿಷಯಕ್ಕೆ ಮಾತ್ರ ಒಂದಾದರು. ಅರಿಶಿನ ಕುಂಕುಮಕ್ಕೆ ಅಂತ ಕೊಡೋದು ಕೊಟ್ಟಾಗಿದೆ, ಮದುವೆ ಖರ್ಚು ಮಾಡಿದೀವಿ, ಊರೇನಂತದೆ ಅಂತ. ಎಲ್ಲಾ ಕೇಳಿಸಿಕೊಂಡು ಎಲೆ ಅಡಿಕೆ ಹಾಕ್ಕೊಳ್ತಿದ್ದ ಅಜ್ಜಿ ಹೇಳಿದ್ದು ಒಂದೇ ಮಾತು. "ನಾನು ಹೆತ್ತಿರೋದು ಮೂರು. ಎರಡಕ್ಕೆ ಭಾಗ ಮಾಡಿದ್ದೇ ತಪ್ಪು ಲೆಕ್ಕ."

ಒಂದೇ ದಿನಕ್ಕೇನೂ ಆಗಲಿಲ್ಲ. ಏಳೆಂಟು ತಿಂಗಳು ಹಿಡೀತು, ಸರ್ವೆಯವರು ಬಂದರು, ಬೇಲಿ ಕಿತ್ತು ಮತ್ತೆ ಹಾಕಿದರು. ಕೊನೆಗೆ ತೋಟ ಮೂರು ಪಾಲಾಯ್ತು, ಗುರುವಾರವೂ ಮೂರು ಪಾಲಾಯ್ತು. ಈ ವಾರ ಅಪ್ಪ, ಮುಂದಿನ ವಾರ ಅತ್ತೆ, ಅದರ ಮುಂದಿನ ವಾರ ಚಿಕ್ಕಪ್ಪ.

ಈಗ ಮತ್ತೆ ಲೆಕ್ಕ ನೋಡಿ. ಸರದಿ 21 ದಿನಕ್ಕೊಂದು ಸುತ್ತು, ಕರೆಂಟು 14 ದಿನಕ್ಕೊಂದು ಸುತ್ತು. ಎರಡೂ ಚಕ್ರ ಮತ್ತೆ ಮೊದಲಿನ ಹಾಗೇ ಎದುರಾಗೋದು 21 ಮತ್ತು 14ರ ಲಘುತ್ತಮ ಸಾಮಾನ್ಯ ಅಪವರ್ತ್ಯಕ್ಕೆ, ಅಂದರೆ 42 ದಿನಕ್ಕೆ. ಆ 42 ದಿನದಲ್ಲಿ ಒಬ್ಬೊಬ್ಬರಿಗೂ ಎರಡು ಸರದಿ. ಒಂದು ಹಗಲು, ಒಂದು ರಾತ್ರಿ. ಯಾರೂ ಕೂತು ಮಾತಾಡಲಿಲ್ಲ, ಯಾರೂ ಯಾರಿಗೂ ಸೋಲಲಿಲ್ಲ. ಎರಡು ವಾರದ ಕರೆಂಟಿಗೆ ಎರಡು ಪಾಲು ಇಟ್ಟಾಗ ಸಿಕ್ಕಿಹಾಕಿಕೊಂಡಿದ್ದ ಚಕ್ರ, ಮೂರನೇ ಪಾಲು ಬಂದ ಕೂಡಲೇ ತಾನಾಗಿ ಬಿಡಿಸಿಕೊಂಡಿತು. 2ಕ್ಕೂ 3ಕ್ಕೂ ಒಂದನ್ನ ಬಿಟ್ಟರೆ ಸಾಮಾನ್ಯ ಅಪವರ್ತನ ಇಲ್ಲ. ಪುಸ್ತಕದ ಭಾಷೆಯಲ್ಲಿ ಅವು ಸಹ ಅವಿಭಾಜ್ಯಗಳು.

ಪುಕ್ಕಟೆ ಏನೂ ಸಿಗಲಿಲ್ಲ ಬಿಡಿ. 21 ದಿನಕ್ಕೊಮ್ಮೆ ನೀರು ಅಂದರೆ ಬೇಸಿಗೆಯಲ್ಲಿ ತೆಂಗಿಗೆ ಕಷ್ಟವೇ. ಮೂವರೂ ಮರದ ಬುಡಕ್ಕೆ ತೆಂಗಿನ ಸಿಪ್ಪೆ ಹೂತು ತೇವ ಉಳಿಸಿಕೊಂಡರು. ಅತ್ತೆಯ ಮೊದಲ ಸರದಿ ರಾತ್ರಿ ಬಂತು. ಅತ್ತೆ, ಅವರ ದೊಡ್ಡ ಮಗ ಬ್ಯಾಟರಿ ಹಿಡಕೊಂಡು ಹೋದರೆ ಬಾವಿ ಕಟ್ಟೆ ಮೇಲೆ ಚಿಕ್ಕಪ್ಪ ಕೂತಿದ್ದರಂತೆ. ಸ್ವಲ್ಪ ಹೊತ್ತಿಗೆ ಅಪ್ಪನೂ ಗುದ್ದಲಿ ತಗೊಂಡು ಬಂದರಂತೆ. ಇಬ್ಬರೂ ತಂಗಿ ಜೊತೆ, ಅಕ್ಕನ ಜೊತೆ ಮಾತಾಡಿದರೇ ಹೊರತು ಒಬ್ಬರಿಗೊಬ್ಬರು ಮಾತಾಡಲಿಲ್ಲ. ಅದಕ್ಕೆ ಇನ್ನೂ ಒಂದು ವರ್ಷ ಬೇಕಾಯ್ತು.

ಅಜ್ಜಿಯ ಕಾಲದ ದುಡ್ಡೂ ಮೂರು ಪಾಲಿಗೆ ಒಗ್ಗುತ್ತಿತ್ತು ಅನ್ನೋದು ಆಮೇಲೆ ಹೊಳೀತು. 1957ರ ಏಪ್ರಿಲ್ 1ಕ್ಕೆ ಮುಂಚೆ ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. ಮೂವರಿಗೆ ಹಂಚಿದರೆ ಐದಾಣೆ ನಾಲ್ಕು ಪೈ, ಚಿಕ್ಕಾಸೂ ಉಳಿಯಲ್ಲ. ಈಗಿನ 100 ಪೈಸೆಯನ್ನ ಮೂವರಿಗೆ ಹಂಚಿ ನೋಡಿ, ಒಂದು ಪೈಸೆಗೆ ಜಗಳ. 192ಕ್ಕೆ ಅಪವರ್ತನಗಳು 14, 100ಕ್ಕೆ ಬರೀ 9. ಗಂಟೆಗೆ 60 ನಿಮಿಷ ಅಂತ ಇಟ್ಟವರೂ ಪಾಲಿನ ಸುಖ ಕಂಡವರೇ ಇರಬೇಕು, 60ಕ್ಕೆ 12 ಅಪವರ್ತನಗಳಿವೆ. ಹೀಗೆ ತನಗಿಂತ ಚಿಕ್ಕ ಎಲ್ಲಾ ಸಂಖ್ಯೆಗಳಿಗಿಂತ ಹೆಚ್ಚು ಅಪವರ್ತನ ಇರುವ ಸಂಖ್ಯೆಗಳ ಮೇಲೆ ಶ್ರೀನಿವಾಸ ರಾಮಾನುಜನ್ 1915ರಲ್ಲಿ ಒಂದು ದೊಡ್ಡ ಪ್ರಬಂಧವನ್ನೇ ಬರೆದರು. 60 ಆ ಪಟ್ಟಿಯಲ್ಲಿದೆ.

ಲ.ಸಾ.ಅ. ಅನ್ನೋದು ಇಂಗ್ಲಿಷರು ಕೊಟ್ಟು ಹೋದ ಪಾಠ ಅಂದುಕೊಂಡಿರೋರಿಗೆ ಒಂದು ಮಾತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಭಿನ್ನರಾಶಿ ಕೂಡಿಸುವಾಗ ಛೇದಗಳಿಗೆಲ್ಲ ಸಾಮಾನ್ಯವಾದ ಚಿಕ್ಕ ಅಪವರ್ತ್ಯ ಹುಡುಕೋ ಕ್ರಮ ಅದರಲ್ಲಿದೆ. ಅವನು ಅದನ್ನ ನಿರುದ್ಧ ಅಂತ ಕರೆದಿದ್ದಾನೆ. ಈ ನೆಲದ ದೊರೆಯ ಆಸರೆಯಲ್ಲಿ ಹುಟ್ಟಿದ ಲೆಕ್ಕ, ನಾವು ಲ.ಸಾ.ಅ. ಅಂತ ಮೂರಕ್ಷರ ಮಾಡಿಕೊಂಡಿದೀವಿ.

ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಮೇಲೂ ಗುರುವಾರದ ಲೆಕ್ಕ ನನ್ನ ಬೆನ್ನು ಬಿಡಲಿಲ್ಲ. ಸರ್ವರಿನಲ್ಲಿ ಹೊತ್ತುಹೊತ್ತಿಗೆ ತಾವಾಗಿ ಓಡುವ ಕೆಲಸಗಳಿರ್ತವೆ. ಒಂದು 4 ನಿಮಿಷಕ್ಕೊಮ್ಮೆ, ಇನ್ನೊಂದು 6 ನಿಮಿಷಕ್ಕೊಮ್ಮೆ ಅಂತಿಟ್ಟರೆ 12 ನಿಮಿಷಕ್ಕೊಮ್ಮೆ ಎರಡೂ ಒಟ್ಟಿಗೆ ಎದ್ದು ಸರ್ವರಿನ ಜುಟ್ಟು ಹಿಡೀತವೆ. ಅದೇ 5 ಮತ್ತು 7 ಅಂತಿಟ್ಟರೆ ಅವು ಭೇಟಿಯಾಗೋದು 35 ನಿಮಿಷಕ್ಕೊಮ್ಮೆ. ಯಂತ್ರಗಳ ಗೇರು ಮಾಡೋರೂ ಹಲ್ಲುಗಳ ಸಂಖ್ಯೆ ಆರಿಸುವಾಗ ಇದನ್ನೇ ನೋಡ್ತಾರೆ. ಎರಡು ಚಕ್ರಗಳ ಹಲ್ಲಿನ ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ಒಂದರ ಪ್ರತಿ ಹಲ್ಲೂ ಇನ್ನೊಂದರ ಪ್ರತಿ ಹಲ್ಲಿಗೂ ತಾಗುತ್ತೆ, ಸವೆತ ಎಲ್ಲಕ್ಕೂ ಹಂಚಿಹೋಗುತ್ತೆ. ಸಾಮಾನ್ಯ ಅಪವರ್ತನ ಇದ್ದರೆ ಅದೇ ಹಲ್ಲಿಗೆ ಅದೇ ಹಲ್ಲು ಮತ್ತೆ ಮತ್ತೆ. ಚಿಕ್ಕಪ್ಪನ ಬೇಸಿಗೆಯ ಥರ.

ಈಗ ಬೀಗದ ವಿಷಯಕ್ಕೆ ಬರ್ತೀನಿ. ಮಗ್ಗಿ ಮುಂದಕ್ಕೆ ಸುಲಭ, ಹಿಂದಕ್ಕೆ ಕಷ್ಟ ಅಂದೆನಲ್ಲ. 1876ರಲ್ಲಿ ಲ್ಯೂಕಾಸ್ ಅನ್ನೋ ಫ್ರೆಂಚ್ ಗಣಿತಜ್ಞ 2ರ 67ನೇ ಘಾತದಿಂದ 1 ಕಳೆದರೆ ಬರೋ ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ತೋರಿಸಿದ. ಆದರೆ ಅದರ ಅಪವರ್ತನ ಯಾವುದು ಅಂತ ಅವನಿಗೂ ಗೊತ್ತಿರಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಆ ಎರಡು ಅಪವರ್ತನಗಳನ್ನ ಮುಂದಿಟ್ಟ: 193707721 ಮತ್ತು 761838257287. ಇವೆರಡನ್ನ ಗುಣಿಸಿ ಸರಿಯಿದೆಯಾ ಅಂತ ನೋಡೋಕೆ ಹೈಸ್ಕೂಲು ಹುಡುಗಿಗೆ ಅರ್ಧ ಗಂಟೆ ಸಾಕು. ಹುಡುಕೋಕೆ ಗಣಿತಲೋಕಕ್ಕೆ 27 ವರ್ಷ ಹಿಡೀತು.

ಅಪವರ್ತನ ಗೊತ್ತಿಲ್ಲದೆ ಅವಿಭಾಜ್ಯ ಅಲ್ಲ ಅಂತ ಹೇಳೋದು ಹೇಗೆ? 17ನೇ ಶತಮಾನದ ಫರ್ಮಾ ಕೊಟ್ಟ ಒಂದು ಸೂತ್ರ ಇದೆ. 2 ಬಿಟ್ಟು ಬೇರೆ ಯಾವುದೇ ಅವಿಭಾಜ್ಯ ತಗೊಳ್ಳಿ, 7 ಅಂತಿಟ್ಟುಕೊಳ್ಳಿ. ಅದಕ್ಕಿಂತ ಒಂದು ಕಡಿಮೆ ಸಲ, ಅಂದರೆ ಆರು ಸಲ ಎರಡನ್ನ ಗುಣಿಸಿ: 64. ಅದನ್ನ 7ರಿಂದ ಭಾಗಿಸಿದರೆ ಶೇಷ 1. ಅವಿಭಾಜ್ಯಗಳಿಗೆಲ್ಲ ಹೀಗೆ 1 ಬರಲೇಬೇಕು. 9ಕ್ಕೆ ಮಾಡಿ ನೋಡಿ: ಎಂಟು ಸಲ ಎರಡು ಗುಣಿಸಿದರೆ 256, 9ರಿಂದ ಭಾಗಿಸಿದರೆ ಶೇಷ 4. ಹಾಗಾದರೆ 9 ಅವಿಭಾಜ್ಯ ಅಲ್ಲ. ಮೂರು ಮೂರ್ಲ ಒಂಬತ್ತು ಅಂತ ಗೊತ್ತಿಲ್ಲದೇನೇ ತೀರ್ಪು ಬಂತು. ಆದರೆ ಈ ಪರೀಕ್ಷೆಗೂ ಟೋಪಿ ಹಾಕೋರಿದ್ದಾರೆ. 341 ಅಂದರೆ 11 ಮತ್ತು 31ರ ಗುಣಲಬ್ಧ, ಆದರೂ ಎರಡನ್ನಿಟ್ಟು ಪರೀಕ್ಷಿಸಿದರೆ ಶೇಷ 1 ಕೊಟ್ಟು ಅವಿಭಾಜ್ಯದ ವೇಷ ಹಾಕುತ್ತೆ. 561 ಇನ್ನೂ ಪಾಕಡ. ಅದು 3, 11, 17ರ ಗುಣಲಬ್ಧ. ಅವುಗಳಿಂದ ಭಾಗವಾಗದ ಯಾವ ಸಂಖ್ಯೆ ಇಟ್ಟು ಪರೀಕ್ಷಿಸಿದರೂ ಪಾಸಾಗಿಬಿಡುತ್ತೆ. ಈ ವೇಷಧಾರಿಗಳನ್ನೂ ಹಿಡಿಯೋಕೆ ಮಿಲ್ಲರ್ ಮತ್ತು ರೇಬಿನ್ ಇದನ್ನ ಬಿಗಿ ಮಾಡಿದರು. ಕಂಪ್ಯೂಟರುಗಳು ಈಗ ಹೆಚ್ಚಾಗಿ ಬಳಸೋದು ಆ ಬಿಗಿ ಮಾಡಿದ ಪರೀಕ್ಷೆಯನ್ನೇ.

ಅದರಲ್ಲೂ ಒಂದು ಕೂದಲೆಳೆಯಷ್ಟು ಅನುಮಾನ ಉಳಿಯುತ್ತೆ. ಅನುಮಾನವೇ ಇಲ್ಲದ, ಆದರೂ ಬೇಗ ಮುಗಿಯುವ ಪರೀಕ್ಷೆ ಸಾಧ್ಯ ಅಂತ ಯಾವ ಊಹೆಯ ಆಸರೆಯೂ ಇಲ್ಲದೆ ತೋರಿಸಿದ್ದು ನಮ್ಮ ದೇಶದಲ್ಲೇ. 2002ರ ಆಗಸ್ಟಿನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗರ್ವಾಲ್, ಮತ್ತೆ ಆಗಷ್ಟೇ ಬಿಟೆಕ್ ಮುಗಿಸಿದ್ದ ಅವರ ಶಿಷ್ಯರು ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನ ಇದನ್ನ ಪ್ರಕಟಿಸಿದರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಎಕೆಎಸ್ ಪರೀಕ್ಷೆ ಅಂತಾರೆ. 2006ರಲ್ಲಿ ಅದಕ್ಕೆ ಗೋಡೆಲ್ ಪ್ರಶಸ್ತಿ ಬಂತು. ಬಿಇ ಓದ್ತಾ ಇಂಗ್ಲಿಷ್ ಪಠ್ಯಪುಸ್ತಕದ ಜೊತೆ ಗುದ್ದಾಡ್ತಿದ್ದ ನಮ್ಮಂಥವರಿಗೆ ಆ ಸುದ್ದಿ ಎಷ್ಟು ಧೈರ್ಯ ಕೊಟ್ಟಿತ್ತು ಅನ್ನೋದು ಈಗಿನ ಹುಡುಗರಿಗೆ ಹೇಳಿದರೆ ಗೊತ್ತಾಗಲಿಕ್ಕಿಲ್ಲ. ಅವರ ಪ್ರಬಂಧ ಇರೋದು ಒಂಬತ್ತೇ ಪುಟ. ಪ್ರಶ್ನೆ ಮಾತ್ರ ನಾವು ಹೈಸ್ಕೂಲಲ್ಲಿ ಕೇಳಿದ್ದೇ: ಈ ಸಂಖ್ಯೆ ಅವಿಭಾಜ್ಯವೋ ಅಲ್ಲವೋ.

ಹೌದೋ ಅಲ್ಲವೋ ಅಂತ ಹೇಳೋದು ಇಷ್ಟು ಸುಲಭ ಆಯ್ತು, ಆದರೆ ಒಡೆದು ತೋರಿಸೋದು ಇವತ್ತಿಗೂ ಕಷ್ಟ. ಈ ಎರಡರ ನಡುವಿನ ಸಂದಿಯಲ್ಲಿ 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಒಂದು ಬೀಗ ಇಟ್ಟರು, ಅದೇ ಆರ್‌ಎಸ್‌ಎ. ಮುನ್ನೂರು ಚಿಲ್ಲರೆ ಅಂಕಿಗಳ ಎರಡು ಅವಿಭಾಜ್ಯ ಹುಡುಕಿಕೊಂಡು ಗುಣಿಸಬೇಕು. ಅಷ್ಟು ದೊಡ್ಡ ಸಂಖ್ಯೆಗಳಲ್ಲಿ ಸುಮಾರು 700ಕ್ಕೊಂದು ಅವಿಭಾಜ್ಯ ಸಿಗುತ್ತೆ, ಹಾಗಾಗಿ ಹುಡುಕೋದು ಕ್ಷಣದ ಕೆಲಸ. ಗುಣಲಬ್ಧವನ್ನ ಊರಿಗೆಲ್ಲ ಸಾರಬಹುದು, ಅದು ಬೀಗ. ಆ ಎರಡು ಅಪವರ್ತನಗಳನ್ನ ಗುಟ್ಟಾಗಿಡಬೇಕು, ಅವು ಬೀಗದ ಕೈ. 250 ಅಂಕಿಗಳ ಇಂಥ ಒಂದು ಸಂಖ್ಯೆಯನ್ನ 2020ರಲ್ಲಿ ಒಡೆದರು. ಒಂದೇ ಪ್ರೊಸೆಸರ್ ಕೋರ್ ಕೂತು ಮಾಡಿದ್ದರೆ ಸುಮಾರು 2700 ವರ್ಷ ಹಿಡೀತಿದ್ದ ಕೆಲಸ ಅದು. ಈಗ ಸಾಮಾನ್ಯವಾಗಿ ಬಳಸೋ ಬೀಗದಲ್ಲಿ 617 ಅಂಕಿಗಳಿರ್ತವೆ.

ಇಷ್ಟೆಲ್ಲ ದೊಡ್ಡ ಸಂಖ್ಯೆ ಯಾಕೆ, ನಾಲ್ಕಂಕಿಯದೇ ಸಾಕು ಅನ್ನೋರಿಗೆ ಬೆಂಗಳೂರಿನ ಟ್ರಾಫಿಕ್ ಇದೆ. ಮುಂದಿನ ಗಾಡಿಯ ನಂಬರು ನೋಡಿ. ನಾಲ್ಕಂಕಿ ಅಂದ ಮೇಲೆ ವರ್ಗಮೂಲ 100 ದಾಟಲ್ಲ, ಜರಡಿಯಲ್ಲಿ ಉಳಿದ ಆ 25 ಅವಿಭಾಜ್ಯಗಳಿಂದ ಭಾಗಿಸಿದರೆ ತೀರ್ಮಾನ. 2, 3, 5, 11 ಕಣ್ಣಿಗೇ ಕಾಣ್ತವೆ, ಉಳಿದದ್ದು 21. ಸಿಗ್ನಲ್ಲು ದೊಡ್ಡದಿದ್ದರೆ ಆರಾಮಾಗಿ ಆಗುತ್ತೆ. ಒಂದು ಅಡ್ಡದಾರಿಯೂ ಇದೆ. ನಾರಾಯಣ ಪಂಡಿತ 1356ರಲ್ಲಿ ಬರೆದ 'ಗಣಿತಕೌಮುದಿ'ಯಲ್ಲಿ ಸಂಖ್ಯೆಗೆ ಒಂದು ವರ್ಗ ಕೂಡಿಸಿ ಇನ್ನೊಂದು ವರ್ಗ ಬರುತ್ತಾ ಅಂತ ನೋಡುವ ಉಪಾಯ ಕೊಟ್ಟಿದ್ದಾನೆ. 8051 ಕಂಡಿತು ಅಂದುಕೊಳ್ಳಿ. ಅದಕ್ಕೆ 49 ಕೂಡಿಸಿದರೆ 8100. ಅದು 90ರ ವರ್ಗ, 49 ಏಳರ ವರ್ಗ. ಹಾಗಾದರೆ 90ರಿಂದ 7 ಕಳೆದರೆ 83, ಕೂಡಿಸಿದರೆ 97. 8051 ಅಂದರೆ 83 ಗುಣಿಸು 97. ಇಪ್ಪತ್ತು ಭಾಗಾಕಾರ ಉಳೀತು.

ಇಸವಿಗಳಿಗೂ ಇದೇ ಆಟ ಆಡಬಹುದು. 2021 ಅಂದರೆ 43 ಗುಣಿಸು 47, 45ರ ವರ್ಗಕ್ಕೆ ನಾಲ್ಕು ಕಡಿಮೆ. 2023 ಏಳರ ಮನೆಯದು. 2017 ಆದ ಮೇಲಿನ ಅವಿಭಾಜ್ಯ ಇಸವಿ 2027, ಅದರ ಹಿಂದೆಯೇ 2029. ನಂಬೋದು ಬೇಡ, 43ರವರೆಗಿನ ಅವಿಭಾಜ್ಯಗಳು ಹದಿನಾಲ್ಕೇ ಇವೆ, ಭಾಗಿಸಿ ನೋಡಿ. ಮನೇಲಿ ಮಗ್ಗಿ ಕಲೀತಿರೋ ಮಕ್ಕಳಿದ್ದರೆ ಅವರ ಕೈಯಲ್ಲೇ ಮಾಡಿಸಿ. ಹೆಣ್ಣುಮಕ್ಕಳ ಕೈಯಲ್ಲಂತೂ ಖಂಡಿತ ಮಾಡಿಸಿ.